ಕರಗುವ ಕವಚ, ಉಳಿಯುವ ಪ್ರಶ್ನೆ

ಗುಜರಾತಿನಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ ತಿನಿಸಿನ ಪೊಟ್ಟಣದ ಮೇಲೆ ಹಸಿರು ಚುಕ್ಕೆಯನ್ನು ಹುಡುಕುವುದು ಬಹುಬೇಗ ರೂಢಿಯಾಗುತ್ತದೆ. ಜೈನ, ವೈಷ್ಣವ ನೆರೆಹೊರೆಯ ಸಹವಾಸವೇ ಅಂಥದು. ಆದರೆ ಔಷಧದಂಗಡಿಯಲ್ಲಿ ಈ ರೂಢಿ ನಮಗೆ ನೆರವಾಗುವುದಿಲ್ಲ. ಪೂರಕ ಆಹಾರವೆಂದು ಮಾರಾಟವಾಗುವ ಕ್ಯಾಪ್ಸೂಲಿನ ಡಬ್ಬಿಗೆ ಆಹಾರ ಕಾನೂನಿನ ಗುರುತು ಬೇಕು. ಅದೇ ಬಗೆಯ ಕವಚದಲ್ಲಿ ಬರುವ ಔಷಧಕ್ಕೆ ಬೇಡ.

ಕ್ಯಾಪ್ಸೂಲ್ ಹುಟ್ಟಿದ್ದೇ ಮರೆಮಾಚುವುದಕ್ಕಾಗಿ. 1834ರಲ್ಲಿ ಪ್ಯಾರಿಸಿನ ಮೋಥ್ ಮತ್ತು ದ್ಯುಬ್ಲಾಂಕ್ ಎಂಬವರು ಕಹಿ ಔಷಧವನ್ನು ಜೆಲಾಟಿನ್ ಕೋಶದಲ್ಲಿ ಅಡಗಿಸುವ ಉಪಾಯಕ್ಕೆ ಪೇಟೆಂಟ್ ಪಡೆದರು. 1846ರಲ್ಲಿ ಲೆಹ್ಯುಬಿ ಎಂಬವರು, ಒಂದರೊಳಗೊಂದು ಕೂರುವ ಎರಡು ತುಂಡುಗಳ ಕವಚವನ್ನು ರೂಪಿಸಿದರು. ಲೋಹದ ಕಡ್ಡಿಗಳನ್ನು ಬಿಸಿ ಜೆಲಾಟಿನ್ ದ್ರಾವಣದಲ್ಲಿ ಅದ್ದಿ, ಒಣಗಿಸಿ, ಪೊರೆಯನ್ನು ಕಳಚುವುದೇ ಇಂದಿಗೂ ಮೂಲಕ್ರಮ. ಆ ಜೆಲಾಟಿನ್ ಪ್ರಾಣಿಗಳ ಚರ್ಮ ಹಾಗೂ ಮೂಳೆಗಳಿಂದ ಬರುತ್ತದೆ. ನಾಲಿಗೆಯಿಂದ ರುಚಿಯನ್ನು ಮರೆಸಿದ ಕವಚ ತನ್ನ ಮೂಲವನ್ನೂ ಮರೆಸಿತು.

ಸಸ್ಯಾಹಾರಕ್ಕೆ ಹೆಸರಾದ ಈ ನಾಡೇ ಔಷಧೋದ್ಯಮದ ತವರೂ ಆಯಿತು. ಸೂರತ್‌ನಲ್ಲಿ 1863ರಲ್ಲಿ ಜನಿಸಿದ ರಸಾಯನಶಾಸ್ತ್ರಜ್ಞ ತ್ರಿಭುವನದಾಸ ಗಜ್ಜರ್ ಅವರು ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ ವಡೋದರೆಯ ಕಲಾಭವನವನ್ನು ಕಟ್ಟಿದರು. ಅವರೂ ಕೋಟಿಭಾಸ್ಕರ್, ಬಿ.ಡಿ. ಅಮೀನ್ ಅವರೂ ಸೇರಿ 1907ರಲ್ಲಿ ಅದೇ ನಗರದಲ್ಲಿ ಅಲೆಂಬಿಕ್ ಸಂಸ್ಥೆಯನ್ನು ಸ್ಥಾಪಿಸಿದರು. ಅಹಮದಾಬಾದಿನಲ್ಲಿ 1947ರಲ್ಲಿ ಎಲ್.ಎಂ. ಫಾರ್ಮಸಿ ಕಾಲೇಜು, 1952ರಲ್ಲಿ ರಮಣಭಾಯಿ ಪಟೇಲ್ ಮತ್ತು ಇಂದ್ರವದನ ಮೋದಿಯವರ ಕ್ಯಾಡಿಲಾ ತಲೆಯೆತ್ತಿದವು.

ಜೆಲಾಟಿನ್ ಇಷ್ಟು ಕಾಲ ಬಾಳಿದ್ದಕ್ಕೆ ಕಾರಣವಿದೆ: ಅದು ಅಗ್ಗ, ಮೈಬಿಸಿಗೆ ಬೇಗ ಕರಗುತ್ತದೆ. ಆದರೆ ಅದರ ಕವಚದಲ್ಲಿ ನೂರಕ್ಕೆ 13ರಿಂದ 16ರಷ್ಟು ತೇವ ಇರಲೇಬೇಕು. ಅಹಮದಾಬಾದಿನ ಒಣಬೇಸಿಗೆಯಲ್ಲಿ ತೆರೆದಿಟ್ಟರೆ ಸಿಡುಕಾಗಿ ಒಡೆಯುತ್ತದೆ. ಸೂರತ್‌ನ ಮಳೆಗಾಲದಲ್ಲಿ ಮೆತ್ತಗಾಗಿ ಒಂದಕ್ಕೊಂದು ಅಂಟುತ್ತದೆ. 1990ರ ದಶಕದಲ್ಲಿ ಬಳಕೆಗೆ ಬಂದ ಎಚ್‌ಪಿಎಂಸಿ ಕವಚ ಸಸ್ಯದ ನಾರಿನಿಂದ, ಅಂದರೆ ಸೆಲ್ಯುಲೋಸಿನಿಂದ, ತಯಾರಾದದ್ದು. ತೇವ ಕಡಮೆ ಬೇಡುತ್ತದೆ. ಬೆಲೆ ಮಾತ್ರ ಹೆಚ್ಚು.

ಹಾಗಾದರೆ ತಿಳಿಯುವ ಹಕ್ಕು? ಜೀವರಕ್ಷಕವಲ್ಲದ ಔಷಧಗಳಿಗೂ ಸೌಂದರ್ಯವರ್ಧಕಗಳಿಗೂ ಮೂಲಸೂಚಕ ಗುರುತು ಇರಬೇಕೆಂದು ದೆಹಲಿ ಹೈಕೋರ್ಟ್ 2002ರಲ್ಲಿ ಆದೇಶಿಸಿತು. 2013ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಗೊಳಿಸಿತು. 2016ರಲ್ಲಿ ಕೇಂದ್ರ ಸಚಿವೆ ಮೇನಕಾ ಗಾಂಧಿಯವರು ಸಸ್ಯಮೂಲದ ಕವಚಗಳ ಪರವಾಗಿ ದನಿಯೆತ್ತಿದಾಗ ಚರ್ಚೆ ಮತ್ತೆ ಎದ್ದಿತು.

ಗುರುತಿಲ್ಲದ ಕಡೆ ಜನ ತಮ್ಮದೇ ದಾರಿ ಹಿಡಿಯುತ್ತಾರೆ: ಕವಚ ಬಿಚ್ಚಿ ಪುಡಿಯನ್ನು ಜೇನಿನಲ್ಲಿ ಕಲಸಿ ನೆಕ್ಕುವುದು. ಇದು ಎಲ್ಲ ಔಷಧಗಳಿಗೂ ಸಲ್ಲದು. ನಿಧಾನವಾಗಿ ಬಿಡುಗಡೆಯಾಗಬೇಕಾದ ಕಾಳುಗಳನ್ನು ಅರೆದರೆ ಇಡೀ ದಿನದ ಪ್ರಮಾಣ ಒಮ್ಮೆಗೇ ಮೈಗಿಳಿಯಬಹುದು. ಜಠರದ ಆಮ್ಲವನ್ನು ತಾಳಲಾರದ ಔಷಧ ಕರುಳನ್ನು ಮುಟ್ಟುವ ಮೊದಲೇ ಕೆಡಬಹುದು. ಸಂಕೋಚಪಟ್ಟು ಔಷಧವನ್ನೇ ಬಿಡುವುದು ಇನ್ನೂ ಕೆಟ್ಟದ್ದು. ವೈದ್ಯರನ್ನು ಕೇಳಿದರೆ ಬಹಳ ಸಲ ಮಾತ್ರೆಯೋ ದ್ರವವೋ ದೊರೆತೀತು.

ವ್ರತ ಮತ್ತು ಆರೋಗ್ಯ ಎರಡನ್ನೂ ಕಾಯಬೇಕಾದವರಿಗೆ ನಾವು ಕೇಳುವುದು ನಿಷೇಧವನ್ನಲ್ಲ, ಒಂದು ಸಣ್ಣ ಗುರುತನ್ನು. ರುಚಿಯನ್ನು ಮರೆಸುವುದು ಕವಚದ ಧರ್ಮ. ಮೂಲವನ್ನು ಮರೆಸುವುದು ಅದರ ಧರ್ಮವಾಗಬೇಕಿಲ್ಲ.