ತೆರೆಯ ಮೇಲಣ ಭೂತ

ಬಂಟ್ವಾಳದಿಂದ ಬೆಳ್ತಂಗಡಿಯ ಮಾರ್ಗವಾಗಿ ಚಾರ್ಮಾಡಿ ಘಟ್ಟದತ್ತ ಸಾಗುವ ಹೆದ್ದಾರಿಯಲ್ಲಿ ಎದುರಾಗುವ ಪುಂಜಾಲಕಟ್ಟೆಯ ಪರಿಸರದ ಜನರಿಗೆ ಭಯಾನಕರಸವನ್ನು ಪರಿಚಯಿಸಿದ್ದು ಸಿನಿಮಾ ಅಲ್ಲ. ಬೆಳ್ಳಿತೆರೆಯೆಂಬುದು ಈ ಸೀಮೆಗೆ ಕಾಲಿಡುವುದಕ್ಕೆ ಬಹುಪೂರ್ವದಲ್ಲಿಯೇ, ಕೊಯ್ಲು ಮುಗಿದ ಗದ್ದೆಯಲ್ಲಿ ನಡುರಾತ್ರಿ ಕಾಲಿನ ಗಗ್ಗರದ ಧ್ವನಿಯೆದ್ದು, ಎಳೆಯ ತೆಂಗಿನ ಗರಿಯ ಸಿರಿಯನ್ನುಟ್ಟು ಮುಖಕ್ಕೆ ಅರದಾಳ ಬಳಿದುಕೊಂಡ ದೈವನರ್ತಕನು ದೊಂದಿಯ ಬೆಳಕಿನಲ್ಲಿ ಪಂಜುರ್ಲಿಯಾಗಿಯೋ ಗುಳಿಗನಾಗಿಯೋ ಆರ್ಭಟಿಸುವಾಗ, ತಾಯಿಯ ಸೆರಗಿನ ಮರೆಯಿಂದ ಇಣುಕುವ ಮಗುವು ಭಯವೆಂದರೇನೆಂಬುದನ್ನು ಅರಿತುಬಿಡುತ್ತಿತ್ತು. ಅದೇ ದೈವವು ಅನಂತರ ಮನೆಯ ಯಜಮಾನನನ್ನು ಹತ್ತಿರ ಕರೆದು, ತಪ್ಪಿಹೋದ ಹರಕೆಯನ್ನು ನೆನಪಿಸಿ, ಅಣ್ಣತಮ್ಮಂದಿರ ವ್ಯಾಜ್ಯಕ್ಕೊಂದು ತೀರ್ಮಾನ ಹೇಳಿ, ಅಭಯದ ನುಡಿ ಕೊಡುವುದನ್ನೂ ಆ ಮಗು ಕಾಣುತ್ತಿತ್ತು. ಅಂಜಿಸುವ ಶಕ್ತಿಯೇ ನ್ಯಾಯವೀಯುವ ಶಕ್ತಿಯೂ ಆಗಿರುವ ಈ ಸಂಸ್ಕಾರವನ್ನು ಬದಿಗಿಟ್ಟರೆ, ನಮ್ಮ ಪ್ರೇಕ್ಷಕರು ದಶಕದಿಂದ ದಶಕಕ್ಕೆ ಯಾವ ಭಯದ ಚಿತ್ರಗಳನ್ನು ಎದೆಗೊತ್ತಿಕೊಂಡರು, ಏತಕ್ಕಾಗಿ ಒತ್ತಿಕೊಂಡರು ಎಂಬುದು ತಿಳಿಯಲಾರದು.

ಸತ್ತವರ ವಿಷಯದಲ್ಲಿಯೂ ತುಳುನಾಡಿನ ನಡವಳಿಕೆ ಇದೇ ಬಗೆಯದು. ಮದುವೆಯಾಗದೆ ತೀರಿಕೊಂಡ ಮಕ್ಕಳ ಕುಲೆಗಳಿಗೆ, ಎಂದರೆ ಪ್ರೇತಗಳಿಗೆ, ಅವರು ಬದುಕಿದ್ದರೆ ಪ್ರಾಪ್ತವಯಸ್ಕರಾಗುತ್ತಿದ್ದ ಕಾಲವನ್ನು ಲೆಕ್ಕವಿಟ್ಟು, ವಧೂವರರನ್ನು ಹುಡುಕಿ, ಸೀರೆ ಕರಿಮಣಿಗಳನ್ನಿಟ್ಟು ಮದುವೆ ಮಾಡಿಸುವ ಪದ್ಧತಿ ಇಂದಿಗೂ ಉಂಟು. ಪ್ರೇತವನ್ನು ಓಡಿಸುವುದಕ್ಕಿಂತ ಅದರ ಬಾಕಿಯನ್ನು ಸಲ್ಲಿಸುವುದೇ ಇಲ್ಲಿ ಮುಖ್ಯವಾದುದು. ಇನ್ನು ರಂಗದ ಮೇಲಣ ಭಯದ ನಿರ್ಮಲವಾದ ಸುಖವನ್ನು ಕೊಟ್ಟುದು ಯಕ್ಷಗಾನ. ಕಟೀಲು ಮೇಳದ ‘ದೇವಿಮಹಾತ್ಮೆ’ಯಲ್ಲಿ ಮಹಿಷಾಸುರನು ಚೌಕಿಯಿಂದ ನೇರವಾಗಿ ರಂಗಸ್ಥಳಕ್ಕೆ ಬಾರದೆ, ಸಭೆಯ ಹಿಂದಣ ಕತ್ತಲೆಯಿಂದ, ದೀವಟಿಗೆಗಳ ಜ್ವಾಲೆಯ ನಡುವೆ, ಅರಚುತ್ತ ಜನರ ಮಧ್ಯದಲ್ಲಿಯೇ ನುಗ್ಗಿಬರುವಾಗ ತೂಕಡಿಸುತ್ತಿದ್ದವರೆಲ್ಲ ಎದ್ದು ನಿಲ್ಲುವುದನ್ನು ಕಂಡವರಿಗೆ, ಯಾವ ದೇಶದ ಯಾವ ನಿರ್ದೇಶಕನೂ ಅದಕ್ಕಿಂತ ಮಿಗಿಲಾದ ಪ್ರವೇಶವೊಂದನ್ನು ಕಲ್ಪಿಸಿಲ್ಲವೆಂದೇ ತೋರುವುದು. ಮಳೆಗಾಲದ ಹೊಸ್ತಿಲಿನ ಪತ್ತನಾಜೆಯಂದು ಮೇಳಗಳು ತಿರುಗಾಟ ಮುಗಿಸಿ, ದೈವಗಳ ಕೋಲಗಳೂ ನಿಂತು, ಮಳೆ ಹಿಡಿಯುವವರೆಗೆ ಈ ನಾಡಿನ ರಾತ್ರಿಗಳು ಹೀಗೆ ತುಂಬಿಕೊಂಡೇ ಇರುತ್ತಿದ್ದುವು.

ಬೆಳ್ಳಿತೆರೆಯ ದಾರಿಯಾದರೋ ಬೇರೆ. ಪಾಶ್ಚಾತ್ಯರಲ್ಲಿ 1931ರ ‘ಡ್ರಾಕುಲಾ’ದಿಂದ 1973ರ ‘ಎಕ್ಸಾರ್ಸಿಸ್ಟ್’ವರೆಗೆ ದುಷ್ಟಶಕ್ತಿಯು ಹೊರಗಿನಿಂದ ಬಂದುದು, ನಿರ್ಮೂಲವಾಗಬೇಕಾದುದು; ರಾಮ್ಸೇ ಸಹೋದರರು ‘ದೋ ಗಜ್ ಜಮೀನ್ ಕೇ ನೀಚೇ’ (1972), ‘ಪುರಾನಾ ಮಂದಿರ್’ (1984) ಮೊದಲಾದ ಹಿಂದಿ ಚಿತ್ರಗಳಲ್ಲಿ ಆ ಹಾದಿಯನ್ನೇ ಹಿಡಿದರು. ಕನ್ನಡದ ಪ್ರೇಕ್ಷಕನು ಅವನ್ನೆಲ್ಲ ನೋಡಿದನು, ನಡುಗಿದನು. ಆದರೆ ಹೃದಯದಲ್ಲಿಟ್ಟುಕೊಂಡದ್ದು ಬೇರೊಂದನ್ನು.

ಅದು 1979ರಲ್ಲಿ ವಿಜಯ್ ಅವರ ನಿರ್ದೇಶನದಲ್ಲಿ ತೆರೆಕಂಡ ‘ನಾ ನಿನ್ನ ಬಿಡಲಾರೆ’. ಒಲಿದವನನ್ನು ಪಡೆಯದೆ ಸತ್ತ ಕಾಮಿನಿಯೆಂಬ ಹೆಣ್ಣು, ಅವನು ಬೇರೊಬ್ಬಳ ಕೈಹಿಡಿದ ಮೇಲೆ ಅವನ ದೇಹವನ್ನೇ ಹೊಕ್ಕು ಸಂಸಾರವನ್ನು ಕಾಡುವ ಈ ಕಥೆಯಲ್ಲಿ, ಅನಂತ್ ನಾಗ್ ಅವರು ಯಾವ ವಿಕಾರವೇಷದ ನೆರವೂ ಇಲ್ಲದೆ ಕಣ್ಣಿನ ಹೊರಳು, ನಡಿಗೆಯ ವೈಯಾರ ಇವುಗಳಿಂದಲೇ ಒಬ್ಬ ಗಂಡಸಿನೊಳಗೆ ಹೆಣ್ಣೊಂದು ಎಚ್ಚತ್ತಿರುವುದನ್ನು ತೋರಿಸಿದರು. ಆವೇಶವೆಂಬುದು ಏನೆಂದು ಕಣ್ಣಾರೆ ಕಂಡ ತುಳುನಾಡಿನ ಜನವೂ ಒಪ್ಪಬಹುದಾದ ಅಭಿನಯವದು. ಹೆಂಡತಿಯಾಗಿ ನಟಿಸಿದ ಲಕ್ಷ್ಮಿಯವರ ಪಾತ್ರದ ರಾಘವೇಂದ್ರ ಸ್ವಾಮಿಗಳ ಭಕ್ತಿಯಿಂದ ಕಥೆ ಶಾಂತಿಗೆ ಬರುತ್ತದೆ. ಆದರೂ ನೋಡಿ ಹೊರಬಂದವರ ಮನಸ್ಸಿನಲ್ಲಿ ಕಾಮಿನಿಯ ಕುರಿತಾದ ಕನಿಕರವೂ ಉಳಿಯುತ್ತಿತ್ತೆಂದು ನಾನು ನಂಬಿದ್ದೇನೆ. ಆ ಕನಿಕರವೇ ಚಿತ್ರದ ಆಯುಸ್ಸು.

1985ರ ‘ತುಳಸಿದಳ’ವು ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿಯಿಂದ ಬಂದುದು, ಮಗುವೊಂದರ ಮೇಲೆ ಮಾಟಮಾಡಿಸುವ ಅದರ ಕ್ರೌರ್ಯವು ಆ ಕಾಲದ ತಾಯಂದಿರನ್ನು ನಿದ್ದೆಗೆಡಿಸಿತು. 1993ರಲ್ಲಿ ಉಪೇಂದ್ರರು ‘ಶ್‌!’ ಎಂಬ ಚಿತ್ರದಲ್ಲಿ ಚಿತ್ರೀಕರಣದ ತಂಡವನ್ನೇ ದೆವ್ವದ ಭೀತಿಗೆ ಒಡ್ಡಿದರು. ಕರಾವಳಿಗೆ ಇವೆರಡಕ್ಕಿಂತ ಹತ್ತಿರವಾದುದು, ಸುಮಾರು ಅದೇ ಕಾಲದಲ್ಲಿ ಸದಾನಂದ ಸುವರ್ಣರು ದೂರದರ್ಶನಕ್ಕಾಗಿ ನಿರ್ದೇಶಿಸಿದ ‘ಗುಡ್ಡದ ಭೂತ’ವೆಂಬ ಧಾರಾವಾಹಿ. ಅಂದು ಒಂದು ಮನೆಯಲ್ಲಿ ದೂರದರ್ಶನವಿದ್ದರೆ ಹತ್ತು ಮನೆಯವರು ಅದರ ಮುಂದೆ ಕುಳಿತಿರುತ್ತಿದ್ದರು. ಅದರ ‘ಡೆನ್ನಾನ’ ಹಾಡು ಕೇಳಿದವರಿಗೆ ತಮ್ಮದೇ ಹಿತ್ತಿಲ ಗುಡ್ಡ, ತಮ್ಮದೇ ತೋಟದ ಕತ್ತಲೆ ಕಣ್ಣಮುಂದೆ ನಿಲ್ಲುತ್ತಿತ್ತು.

ಆದರೂ ಇಡೀ ಕರ್ನಾಟಕವನ್ನು ಒಟ್ಟಿಗೆ ಬೆಚ್ಚಿಸಿದ ಕೀರ್ತಿ 2004ರ ‘ಆಪ್ತಮಿತ್ರ’ಕ್ಕೆ ಸಲ್ಲತಕ್ಕದ್ದು. 1993ರ ಮಲಯಾಳಂ ‘ಮಣಿಚಿತ್ರತ್ತಾಳ್’ ಇದರ ಮೂಲ; ಪಿ. ವಾಸು ನಿರ್ದೇಶಕರು, ದ್ವಾರಕೀಶ್ ನಿರ್ಮಾಪಕರು. ನಾಗವಲ್ಲಿಯೆಂಬ ನರ್ತಕಿಯ ದುರಂತವನ್ನು ಕೇಳಿ ಕೇಳಿ ತಾನೇ ಅವಳಾಗುವ ಗಂಗೆಯ ಪಾತ್ರವನ್ನು ಮಾಡಿದ ಸೌಂದರ್ಯ ಅವರು, ಚಿತ್ರವು ಆಗಸ್ಟಿನಲ್ಲಿ ಬಿಡುಗಡೆಯಾಗುವ ಮೊದಲೇ, ಏಪ್ರಿಲ್ 17ರಂದು ವಿಮಾನಾಪಘಾತದಲ್ಲಿ ಮೃತರಾಗಿದ್ದರು. ಇಲ್ಲದವಳೊಬ್ಬಳು ಇಲ್ಲದವಳೊಬ್ಬಳಾಗಿ ನರ್ತಿಸುವುದನ್ನು ಜನ ನೋಡಬೇಕಾಯಿತು. ಇಲ್ಲಿ ನಾನು ಓದುಗರ ಗಮನಕ್ಕೆ ತರಬಯಸುವುದು ಕೊನೆಯ ಚಿಕಿತ್ಸೆಯನ್ನು. ವಿಷ್ಣುವರ್ಧನರ ಪಾತ್ರದ ವೈದ್ಯನು ನಾಗವಲ್ಲಿಯನ್ನು ಬಯ್ದು ಬಡಿದು ಅಟ್ಟುವುದಿಲ್ಲ. ಅವಳಿಗೆ ಅನ್ಯಾಯ ಮಾಡಿದ ರಾಜನನ್ನು ಕೊಲ್ಲುವ ಅವಕಾಶವನ್ನು, ಬೊಂಬೆಯೊಂದನ್ನು ಮುಂದಿಟ್ಟು, ಒದಗಿಸಿಕೊಡುತ್ತಾನೆ. ವಿಜ್ಞಾನದ ಮಾತನ್ನಾಡುವ ಚಿತ್ರವು ಬಾಕಿ ತೀರಿಸುವ ಹಳೆಯ ವಿಧಿಗೇ ಬಂದು ಸೇರಿತು. ವಿಷ್ಣುವರ್ಧನರು 2009ರ ಡಿಸೆಂಬರಿನಲ್ಲಿ ತೀರಿಕೊಂಡ ತರುವಾಯ ತೆರೆಗೆ ಬಂದ ‘ಆಪ್ತರಕ್ಷಕ’ (2010) ಇದೇ ನಾಗವಲ್ಲಿಯ ಕಥೆಯ ಮುಂದುವರಿಕೆ.

2013ರ ‘6-5=2’ ಚಾರಣಿಗರ ಕೈಯ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯಗಳೆಂಬ ನೆವದಿಂದ ಹೊಸ ತಲೆಮಾರನ್ನು ನಡುಗಿಸಿತು. 2015ರ ಜುಲೈ 3ರಂದು ಬಿಡುಗಡೆಯಾದ ಅನೂಪ್ ಭಂಡಾರಿಯವರ ‘ರಂಗಿತರಂಗ’ವು ತುಳುನಾಡಿನ ಊರೊಂದನ್ನು ಕಲ್ಪಿಸಿ, ‘ಗುಡ್ಡದ ಭೂತ’ದ ಆ ‘ಡೆನ್ನಾನ’ ಹಾಡನ್ನು ಮತ್ತೆ ಎತ್ತಿಕೊಂಡು, ಮರುವಾರವೇ ಬಂದ ‘ಬಾಹುಬಲಿ’ಯ ಅಬ್ಬರದ ನಡುವೆಯೂ ನಿಂತಿತು. 2025ರ ಜುಲೈಯಲ್ಲಿ ಬಂದ ಜೆ.ಪಿ. ತುಮಿನಾಡು ಅವರ ‘ಸು ಫ್ರಮ್ ಸೋ’ದಲ್ಲಿ, ತೀರಿಹೋದ ಸೋಮೇಶ್ವರದ ಸುಲೋಚನಾ ಯುವಕನೊಬ್ಬನ ಮೈಮೇಲೆ ಬಂದಳೆಂಬ ಗುಲ್ಲು ಮೊದಲು ಊರನ್ನು ನಗಿಸಿ, ಕಡೆಗೆ ಅವಳ ಮಗಳ ಕಷ್ಟದ ಬಾಗಿಲಿಗೆ ಊರವರನ್ನು ಕೊಂಡೊಯ್ಯುತ್ತದೆ. ಭೂತದ ನೆವದಲ್ಲಿ ಬದುಕಿರುವವಳಿಗೆ ನ್ಯಾಯ ದೊರಕಿಸುವ ಈ ಕಥನವನ್ನು ನಾನು ಈಚಿನವುಗಳಲ್ಲೆಲ್ಲ ಶ್ರೇಷ್ಠವೆಂದು ಎಣಿಸುತ್ತೇನೆ.

‘ಕಾಂತಾರ’ವನ್ನು (2022) ಭಯದ ಚಿತ್ರವೆನ್ನುವುದು ಸರಿಯಲ್ಲ, ಆದರೂ ಅದರ ಅಂತ್ಯದಲ್ಲಿ ಗುಳಿಗನ ಕೂಗಿಗೆ ದೇಶದ ಉದ್ದಗಲದ ಪ್ರೇಕ್ಷಕರು ರೋಮಾಂಚಿತರಾದರು. ಮಾತುಕೊಟ್ಟ ಭೂಮಿಯನ್ನು ಹಿಂದಕ್ಕೆ ಕೇಳಿದವರ ಮೇಲೆ ದೈವ ಮುನಿಯುವ ಆ ಕಥೆ ನಮ್ಮವರಿಗೆ ಕೋಲದ ಕಳದಲ್ಲಿ ಕೇಳಿದ ನುಡಿಯೇ. 2025ರ ಅಕ್ಟೋಬರಿನಲ್ಲಿ ಅದರ ಪೂರ್ವಕಥೆಯು ತೆರೆಕಂಡಾಗ ಕೆಲವರು ದೈವದ ವೇಷ ಧರಿಸಿ ಚಿತ್ರಮಂದಿರಗಳಲ್ಲಿ ಕುಣಿದು ಕೂಗಿದ್ದರಿಂದ ತುಳುವರು ನೊಂದರು. ಚಿತ್ರತಂಡದವರೇ ಹಾಗೆ ಅನುಕರಿಸಬಾರದೆಂದು ಬಹಿರಂಗವಾಗಿ ಪ್ರಾರ್ಥಿಸಿದರು. ಆ ನೋವು ಅತಿಯಾದುದೆಂದು ದೂರದವರಿಗೆ ಅನಿಸಿರಬಹುದು. ವ್ರತ ಹಿಡಿದು, ಎಣ್ಣೆ ವೀಳ್ಯ ಸ್ವೀಕರಿಸಿ, ಕುಲದ ಹಿರಿಯರಿಂದ ಕಲಿತ, ದೈವದ ಕಥೆಯ ಪಾಡ್ದನ ಹೇಳಿ, ರಾತ್ರಿಯಿಡೀ ಬೆಂಕಿಯ ಕಾವಿನಲ್ಲಿ ನಿಂತು ಊರಿನ ಅಳಲು ಕೇಳುವ ನರ್ತಕನನ್ನು ಬಲ್ಲವರಿಗೆ ಹಾಗೆ ಅನಿಸಲಾರದು.