ಮಾರಿಕಣಿವೆಯ ಮೇಸ್ತ್ರಿಕೆ

ಹಿರಿಯೂರಿನಿಂದ ಪಡುವಲಿಗೆ ಹೋದರೆ, ಎರಡು ಗುಡ್ಡಗಳ ಇಕ್ಕಟ್ಟಿನಲ್ಲಿ ವೇದಾವತಿಯನ್ನು ತಡೆದು ನಿಂತ ಕಲ್ಲಿನ ಗೋಡೆ ಕಾಣುತ್ತದೆ. ಸರ್ಕಾರದ ಕಾಗದದಲ್ಲಿ ಅದು ವಾಣಿ ವಿಲಾಸ ಸಾಗರ. ನಮ್ಮ ಬಾಯಲ್ಲಿ ಮಾರಿಕಣಿವೆ. ಅಲ್ಲಿ ಕಣಿವೆ ಮಾರಮ್ಮನ ಗುಡಿಯಿದೆ. ಆ ಕಟ್ಟೆಯ ಕೆಳಗಿನ ನಾಲೆಗಳ ಮೇಲೆ ನಾನು ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿಸಿದೆ. ಜನರನ್ನು ಮುಂದೆ ನಿಂತು ನಡೆಸುವುದು ಹೇಗೆಂದು ಕಲಿತದ್ದು ಆ ಗೋಡೆಯ ಚರಿತ್ರೆಯಿಂದ, ಮತ್ತೆ ಒಬ್ಬ ವಯಸ್ಸಾದ ಮೇಸ್ತ್ರಿಯಿಂದ.

1876–78ರ ಬರ ಮೈಸೂರು ಸೀಮೆಯ ಲಕ್ಷಾಂತರ ಜನರನ್ನು ನುಂಗಿತ್ತು. ಮಳೆ ನಂಬಿ ಬದುಕಲಾಗದ ಈ ಬಯಲಿಗೆ ಒಂದು ದೊಡ್ಡ ಕಟ್ಟೆ ಬೇಕೆಂದು ದಿವಾನ್ ಕೆ. ಶೇಷಾದ್ರಿ ಅಯ್ಯರ್ ಹಟ ಹಿಡಿದರು. ಆಗ ರಾಜ್ಯಭಾರ ಮಹಾರಾಣಿ ವಾಣಿ ವಿಲಾಸ ಸನ್ನಿಧಾನದವರ ಕೈಯಲ್ಲಿತ್ತು. ಕೆಲಸ 1898ರಲ್ಲಿ ಶುರುವಾಯಿತು. ಶೇಷಾದ್ರಿ ಅಯ್ಯರ್ ಅದು ಮುಗಿದದ್ದನ್ನು ನೋಡಲಿಲ್ಲ, 1901ರಲ್ಲಿ ತೀರಿಕೊಂಡರು. ಮರುವರ್ಷ ನಾಲ್ವಡಿ ಕೃಷ್ಣರಾಜ ಒಡೆಯರು ಅಧಿಕಾರ ವಹಿಸಿಕೊಂಡರು. ದಿವಾನಗಿರಿ ತಂಬುಚೆಟ್ಟಿಯವರಿಗೆ, ಪಿ.ಎನ್. ಕೃಷ್ಣಮೂರ್ತಿಯವರಿಗೆ, ವಿ.ಪಿ. ಮಾಧವರಾಯರಿಗೆ ಸಾಗಿತು. 1907ರಲ್ಲಿ ಗೋಡೆ ಪೂರ್ತಿಯಾಗುವ ಹೊತ್ತಿಗೆ ಮೈಸೂರು ನಾಲ್ವರು ದಿವಾನರನ್ನು ಕಂಡಿತ್ತು.

ಮೇಲೆ ಇಷ್ಟು ಕೈ ಬದಲಾದರೂ ಕೆಳಗೆ ಸುಣ್ಣದ ಗಾರೆ ಒಣಗುವ ಮೊದಲೇ ಕಲ್ಲು ಕೂರಲೇಬೇಕು. ಆ ಹೊಣೆ ಹೊತ್ತವನು ಮೇಸ್ತ್ರಿ. ಈ ಪದ ಪೋರ್ಚುಗೀಸರಿಂದ ಬಂದದ್ದು. ಅವರಲ್ಲಿ ಅದರರ್ಥ ಗುರು, ಕಸುಬಿನಲ್ಲಿ ಪಳಗಿದವನು. ನಮ್ಮಲ್ಲಿ ಬರಬರುತ್ತಾ ಆಳು ಕಾಯುವವನು ಎಂಬಷ್ಟಕ್ಕೆ ಇಳಿಯಿತು. ನಾನೂ ಕೆಲಸಕ್ಕೆ ಸೇರಿದಾಗ ಹಾಗೆಯೇ ತಿಳಿದಿದ್ದೆ.

ಮೊದಲ ವರ್ಷ ನಾಲೆಯ ಪಕ್ಕದ ಗೋಡೆ ರಿಪೇರಿಗೆ ನನ್ನನ್ನು ಹಾಕಿದ್ದರು. ಹೂಳೆತ್ತುವವರು, ಕಲ್ಲು ಕಟ್ಟುವವರು, ಗಾರೆ ಹೊರುವ ಹೆಣ್ಣುಮಕ್ಕಳು, ಎಲ್ಲರಿಗೂ ನನ್ನದು ಒಂದೇ ಮಾತು: ಬೇಗ, ಬೇಗ. ಮೂರನೆಯ ದಿನ ಮೇಸ್ತ್ರಿ ಕರಣಿ ಕೆಳಗಿಟ್ಟು, "ಸ್ವಾಮಿ, ಕಲ್ಲು ಕೂರೋಕೆ ಹೊತ್ತು ಬೇಕು. ಮಣ್ಣೋರಿಗೆ ಹೇಳಿದ್ದನ್ನ ನಮಗೆ ಹೇಳಬ್ಯಾಡಿ" ಅಂದರು. ನಾನು ಕೇಳಲಿಲ್ಲ. ಅವಸರದಲ್ಲಿ ಚಕ್ಕೆ ತುರುಕಿ ಎಬ್ಬಿಸಿದ ಎಂಟು ಅಡಿ ಗೋಡೆ ನೀರು ಬಿಟ್ಟ ವಾರಕ್ಕೆ ಜರಿಯಿತು. ಅದನ್ನು ಬಿಚ್ಚಿ ಮತ್ತೆ ಕಟ್ಟುವಾಗ ಅವರ ಪಕ್ಕದಲ್ಲಿ ಕೂತೆ. ಅವರು ಪ್ರತಿ ಕಲ್ಲನ್ನೂ ಎರಡು ಸಲ ತಿರುಗಿಸಿ ನೋಡುತ್ತಿದ್ದರು. ಯಾವ ಮುಖ ಒಳಗೆ, ಯಾವುದು ಹೊರಗೆ ಎಂದು ನನಗೂ ತೋರಿಸುತ್ತಿದ್ದರು.

ಮಣ್ಣು ಅಗೆಯುವವರದು ಬೇರೆ ಲೆಕ್ಕ. ಅವರು ಮನೆಮಂದಿಯೆಲ್ಲ ಸೇರಿ ಗುತ್ತಿಗೆಗೆ ದುಡಿಯುತ್ತಾರೆ. ಆಳ ಅಳೆಯಲೆಂದು ಗುಂಡಿಯ ನಡುವೆ ಮಣ್ಣಿನ ದಿಬ್ಬ ಬಿಡುತ್ತಾರೆ. ಅಲ್ಲಿ ನಾನು ನಿಂತು ಕೂಗಬೇಕಿಲ್ಲ. ಸಂಜೆ ಆ ದಿಬ್ಬಕ್ಕೆ ಟೇಪು ಹಿಡಿದು, ಅವರ ಕಣ್ಣೆದುರೇ ಅಳತೆ ಬರೆದರೆ ಸಾಕು. ಅಳತೆಯಲ್ಲಿ ಅರ್ಧ ಅಡಿ ನುಂಗಿದರೆ ಮಾತ್ರ ನಾಳೆ ಯಾರೂ ಬರುವುದಿಲ್ಲ.

ಒಂದು ಮಳೆಗಾಲದ ರಾತ್ರಿ ನಾಲೆಯ ಏರಿ ಒಡೆಯಿತು. ಆಗ ಸಲಹೆ ಕೇಳುತ್ತಾ ಕೂರುವ ಹೊತ್ತಲ್ಲ. ಲಾಟೀನು ಹಿಡಿದು, ಯಾರು ತೂಬು ಇಳಿಸಬೇಕು, ಯಾರು ಚೀಲಕ್ಕೆ ಮರಳು ತುಂಬಬೇಕು, ಯಾರು ನೀರಿಗಿಳಿಯಕೂಡದು ಎಂದು ಹೆಸರು ಹಿಡಿದು ಕೂಗಿದೆ. ಅದೇ ಮೇಸ್ತ್ರಿ, ನನಗಿಂತ ಮೂವತ್ತು ವರ್ಷ ಹಿರಿಯರು, ತುಟಿ ಬಿಚ್ಚದೆ ಚೀಲ ಹೊತ್ತರು. ಬೆಳಗಿನ ಜಾವ ಟೀ ಕುಡಿಯುತ್ತಾ, "ಇವತ್ತು ನಿಮ್ಮ ಕೂಗು ಬೇಕಿತ್ತು ಸ್ವಾಮಿ" ಅಂದರು. ಅಷ್ಟು ದೊಡ್ಡ ಬಹುಮಾನ ಆಮೇಲೆ ನನಗೆ ಸಿಗಲಿಲ್ಲ.

ಕಟ್ಟೆ 1933ರಲ್ಲಿ 130 ಅಡಿ ದಾಟಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಹಿರಿಯೂರಿಗೆ ಅದು ಜಾತ್ರೆ; ಹಿನ್ನೀರು ಹೊಲಕ್ಕೆ ನುಗ್ಗಿದ ಹೊಸದುರ್ಗದ ರೈತನಿಗೆ ಅದೇ ನೀರು ಸಂಕಟ. ನಿವೃತ್ತನಾಗಿದ್ದ ನಾನೂ ನೋಡಲು ಹೋದೆ. ಪಕ್ಕದಲ್ಲಿದ್ದ ಹೊಸ ಹುಡುಗನೊಬ್ಬ, ಅದೇ ನಾಲೆಗೆ ಬಂದವನು, "ಆಳುಗಳನ್ನ ಹೇಗೆ ನಿಭಾಯಿಸೋದು ಸಾರ್?" ಎಂದು ಕೇಳಿದ. ನೂರು ವರ್ಷ ದಾಟಿದ ಆ ಗೋಡೆ ತೋರಿಸಿ ಹೇಳಿದೆ: "ಮೊದಲು ಅವರು ಮಾಡೋ ಕೆಲಸ ಯಾವುದು ನೋಡಪ್ಪ. ಮಣ್ಣಾದರೆ ಅಳತೆ ಸರಿಯಾಗಿ ಹಿಡಿ. ಕಲ್ಲಾದರೆ ಪಕ್ಕದಲ್ಲಿ ಕೂತು ಕಲಿ. ಏರಿ ಒಡೆದ ರಾತ್ರಿ ಮಾತ್ರ ಕೂಗು."