ವಿಚ್ಛೇದನ, ಮಕ್ಕಳ ಸುಪರ್ದಿ: ದಾವೆ ವೆಚ್ಚದ ಆದೇಶಕ್ಕೆ ಮೇಲ್ಮನವಿ ಯಾವಾಗ?

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಹಾಗೂ ಮಸ್ಕಿ ಭಾಗದ ದಂಪತಿಗಳ ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರಿದಾಗ, ಎಷ್ಟೋ ಪ್ರಕರಣಗಳಲ್ಲಿ ಮೊದಲು ಹೊರಬೀಳುವುದು ಹಣಕ್ಕೆ ಸಂಬಂಧಿಸಿದ ಆದೇಶ. ತಿಂಗಳ ಜೀವನಾಂಶ ಇಷ್ಟು, ದಾವೆಯ ಖರ್ಚಿಗೆ ಇಷ್ಟು ಎಂದು ನ್ಯಾಯಾಲಯ ನಿಗದಿ ಮಾಡುತ್ತದೆ. ಮೊತ್ತ ಹೆಚ್ಚಾಯಿತೆಂದು ಪತಿ, ಸಾಲದೆಂದು ಪತ್ನಿ ಕೇಳುವ ಪ್ರಶ್ನೆ ಒಂದೇ: ಮೇಲ್ಮನವಿ ಸಲ್ಲಿಸಬಹುದೇ? ಬರೀ ವೆಚ್ಚದ ವಿಷಯಕ್ಕೆ ಸಾಮಾನ್ಯವಾಗಿ ಮೇಲ್ಮನವಿ ಇಲ್ಲ. ಆದರೆ ಪರಿಹಾರದ ದಾರಿ ಪೂರ್ಣ ಮುಚ್ಚಿಲ್ಲ.

ಮಧ್ಯಂತರ ಆದೇಶ

ಸ್ವಂತ ಆದಾಯ ಸಾಲದ ಪತ್ನಿ ಅಥವಾ ಪತಿ, ಪ್ರಕರಣ ಮುಗಿಯುವವರೆಗಿನ ಜೀವನಾಂಶ ಹಾಗೂ ದಾವೆ ವೆಚ್ಚವನ್ನು ಎದುರು ಪಕ್ಷದಿಂದ ಕೇಳಲು ಹಿಂದೂ ವಿವಾಹ ಕಾಯ್ದೆ, 1955ರ 24ನೇ ಕಲಂ ಅವಕಾಶ ನೀಡುತ್ತದೆ. ನೋಟಿಸ್ ಜಾರಿಯಾದ 60 ದಿನಗಳೊಳಗೆ, ಸಾಧ್ಯವಾದ ಮಟ್ಟಿಗೆ, ಈ ಅರ್ಜಿ ಇತ್ಯರ್ಥವಾಗಬೇಕೆಂಬುದು 2001ರ ತಿದ್ದುಪಡಿಯ ಆಶಯ.

ಇದು ಮಧ್ಯಂತರ ಆದೇಶ. ಕುಟುಂಬ ನ್ಯಾಯಾಲಯಗಳ ಕಾಯ್ದೆ, 1984ರ 19ನೇ ಕಲಂ ಮಧ್ಯಂತರ ಆದೇಶಗಳನ್ನು ಮೇಲ್ಮನವಿಯಿಂದ ಹೊರಗಿಟ್ಟಿದೆ. ಕೆಲವು ರಾಜ್ಯಗಳ ಹೈಕೋರ್ಟ್‌ಗಳು ಭಿನ್ನ ನಿಲುವು ತಳೆದಿದ್ದರೂ, ಕರ್ನಾಟಕದಲ್ಲಿ ಇಂತಹ ಆದೇಶವನ್ನು ಸಂವಿಧಾನದ 227ನೇ ವಿಧಿಯಡಿ ರಿಟ್ ಅರ್ಜಿಯ ಮೂಲಕ ಪ್ರಶ್ನಿಸುವುದು ರೂಢಿ. ಅಲ್ಲಿ ಸಾಕ್ಷ್ಯಗಳ ಮರುಪರಿಶೀಲನೆ ನಡೆಯುವುದಿಲ್ಲ; ಕೆಳ ನ್ಯಾಯಾಲಯ ಅಧಿಕಾರ ಮೀರಿದೆಯೇ, ಎದ್ದು ಕಾಣುವ ತಪ್ಪೆಸಗಿದೆಯೇ ಎಂಬುದಷ್ಟೇ ವಿಚಾರಣೆಯ ವ್ಯಾಪ್ತಿ.

ಅಂತಿಮ ತೀರ್ಪಿನ ವೆಚ್ಚ

ವೆಚ್ಚದ ವಿಷಯವೊಂದಕ್ಕಾಗಿಯೇ ಮೇಲ್ಮನವಿ ಸಲ್ಲದು ಎಂದು ಹಿಂದೂ ವಿವಾಹ ಕಾಯ್ದೆಯ 28(3)ನೇ ಕಲಂ ಸ್ಪಷ್ಟಪಡಿಸಿದೆ. ವಿಶೇಷ ವಿವಾಹ ಕಾಯ್ದೆ, 1954ರಲ್ಲಿಯೂ ಇದೇ ನಿಯಮವಿದೆ. ಆದರೆ ವಿಚ್ಛೇದನದ ಡಿಕ್ರಿ, 25ನೇ ಕಲಮಿನ ಶಾಶ್ವತ ಜೀವನಾಂಶ ಅಥವಾ 26ನೇ ಕಲಮಿನ ಮಕ್ಕಳ ಸುಪರ್ದಿಯ ಅಂತಿಮ ಆದೇಶವನ್ನು ಪ್ರಶ್ನಿಸುವವರು ಅದರ ಜತೆಗೆ ವೆಚ್ಚದ ಅಂಶವನ್ನೂ ಎತ್ತಬಹುದು. ಪರಸ್ಪರ ಒಪ್ಪಿಗೆಯಿಂದಾದ ಡಿಕ್ರಿಗೆ ಕುಟುಂಬ ನ್ಯಾಯಾಲಯಗಳ ಕಾಯ್ದೆಯಡಿ ಮೇಲ್ಮನವಿ ಇಲ್ಲ.

ಪೋಷಕರು ಮತ್ತು ಪಾಲ್ಯರ ಕಾಯ್ದೆ, 1890ರಡಿ ಸುಪರ್ದಿ ಪ್ರಕರಣ ನಡೆದಿದ್ದರೆ, ಮೇಲ್ಮನವಿಗೆ ಅರ್ಹವಾದ ಆದೇಶಗಳ ಪಟ್ಟಿ 47ನೇ ಕಲಮಿನಲ್ಲಿದೆ. ವೆಚ್ಚ ವಿಧಿಸುವ 49ನೇ ಕಲಂ ಆ ಪಟ್ಟಿಯಲ್ಲಿಲ್ಲ.

ಅವಧಿ, ನ್ಯಾಯಾಲಯ

ಹಿಂದೂ ವಿವಾಹ ಕಾಯ್ದೆಯಡಿ ಮೇಲ್ಮನವಿಯ ಅವಧಿಯನ್ನು 2003ರ ತಿದ್ದುಪಡಿ 30ರಿಂದ 90 ದಿನಗಳಿಗೆ ವಿಸ್ತರಿಸಿತು. ಕುಟುಂಬ ನ್ಯಾಯಾಲಯಗಳ ಕಾಯ್ದೆ ಹೇಳುವುದು 30 ದಿನ. ಈ ಗೊಂದಲದಲ್ಲಿ ಸಿಲುಕದಿರಲು 30 ದಿನಗಳೊಳಗೆ ಸಲ್ಲಿಸುವುದೇ ಕ್ಷೇಮ. ಆದೇಶದ ದೃಢೀಕೃತ ನಕಲಿಗೆ ಅಂದೇ ಅರ್ಜಿ ಹಾಕುವುದು ಮೊದಲ ಕೆಲಸ.

ರಾಯಚೂರು ಜಿಲ್ಲೆ ಹೈಕೋರ್ಟ್‌ನ ಕಲಬುರಗಿ ಪೀಠದ ವ್ಯಾಪ್ತಿಗೆ ಸೇರಿದೆ. 2008ರಲ್ಲಿ ಸಂಚಾರಿ ಪೀಠ ಆರಂಭವಾಗುವವರೆಗೆ ಈ ಭಾಗದವರು ಬೆಂಗಳೂರಿಗೇ ಹೋಗಬೇಕಿತ್ತು. 2013ರಲ್ಲಿ ಅದು ಕಾಯಂ ಪೀಠವಾಯಿತು.

ಹಣ ತಡೆಹಿಡಿದರೆ

ಹೈಕೋರ್ಟ್‌ಗೆ ಹೋದ ಮಾತ್ರಕ್ಕೆ ಆದೇಶ ಸ್ಥಗಿತಗೊಳ್ಳುವುದಿಲ್ಲ. ಪ್ರತ್ಯೇಕ ತಡೆಯಾಜ್ಞೆ ಬೇಕು. ಬೇಕೆಂದೇ ಹಣ ಕೊಡದವರ ಪ್ರತಿವಾದವನ್ನು ಕೊನೆಯ ಅಸ್ತ್ರವಾಗಿ ಕಡತದಿಂದ ತೆಗೆದುಹಾಕಬಹುದೆಂದು ಸುಪ್ರೀಂ ಕೋರ್ಟ್ ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ (2020) ಹೇಳಿದೆ. ಉಭಯತರೂ ಆಸ್ತಿ, ಆದಾಯ, ಸಾಲದ ಪ್ರಮಾಣಪತ್ರ ಸಲ್ಲಿಸುವುದನ್ನೂ ಅದೇ ತೀರ್ಪು ಕಡ್ಡಾಯಗೊಳಿಸಿತು. ಉದ್ಯೋಗ ಹೋಗಿದ್ದರೆ ಅಥವಾ ಆದಾಯ ಬದಲಾಗಿದ್ದರೆ, ಆದೇಶ ನೀಡಿದ ನ್ಯಾಯಾಲಯದಲ್ಲೇ ಮಾರ್ಪಾಡು ಕೋರಬಹುದು. ಇದು ರಿಟ್‌ಗಿಂತ ಅಗ್ಗದ ದಾರಿ.

ವಕೀಲರ ಶುಲ್ಕಕ್ಕೂ ಹಣವಿಲ್ಲದ ಮಹಿಳೆ ದಾವೆ ವೆಚ್ಚದ ಆದೇಶಕ್ಕಾಗಿ ಕಾಯುತ್ತ ಕೂರಬೇಕಿಲ್ಲ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, 1987ರ 12ನೇ ಕಲಂ ಪ್ರಕಾರ ಮಹಿಳೆಯರು ಮತ್ತು ಮಕ್ಕಳು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಸಲ್ಲಿಸಬಹುದು. ಸಹಾಯವಾಣಿ ಸಂಖ್ಯೆ 15100.